11 ನಿಮಿಷದ ಟ್ರ್ಯಾಕ್ ಪೂರ್ತಿ ಹಾಕಿ

ಹಳೇ ಪ್ರೊಗ್ರೆಸಿವ್ ಹೌಸ್, ಅಂದರೆ ತೊಂಬತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬೆಳೆದ, ನಿಧಾನಕ್ಕೆ ಕಟ್ಟಿಕೊಂಡು ಹೋಗುವ ಕ್ಲಬ್ ಸಂಗೀತ, ಮತ್ತೆ ಕೇಳಿಸುತ್ತಿದೆ. ಕೆಲವು ವರ್ಷಗಳಿಂದ ನಾನು ಯಾವ ಒಳ್ಳೆ ಡಿಜೆಯ ಮಿಕ್ಸ್ (ಒಂದಕ್ಕೊಂದು ಬೆಸೆದ ಟ್ರ್ಯಾಕುಗಳ ಸರಣಿ) ಹಾಕಿಕೊಂಡರೂ ಮಧ್ಯದಲ್ಲಿ ಎಲ್ಲೋ 1993ರದ್ದೋ 1999ರದ್ದೋ ಒಂದು ರೆಕಾರ್ಡ್ ಸಿಕ್ಕೇ ಸಿಗುತ್ತದೆ. ಆ ರೆಕಾರ್ಡ್ ಬಂದಾಗ ಇನ್ನೂ ಹುಟ್ಟಿರದ ಹುಡುಗ ಹುಡುಗಿಯರು ಅದಕ್ಕೆ ಕುಣಿಯುತ್ತಾರೆ, ಫೋನ್ ಮೇಲೆತ್ತಿ ಹಿಡಿದು ಟ್ರ್ಯಾಕಿನ ಹೆಸರು ಹುಡುಕುತ್ತಾರೆ. ಇಷ್ಟು ವರ್ಷ ನಾವು ನಾಲ್ಕಾರು ಜನ ಮಾತ್ರ ಹೆಡ್‌ಫೋನಿನಲ್ಲಿ ಕೇಳಿಕೊಂಡಿದ್ದ ಸಂಗೀತ ಈಗ ದೊಡ್ಡ ಸ್ಪೀಕರಿನಲ್ಲಿ ಬರುತ್ತಿದೆ. ಅದು ಸುಮ್ನೆ ಮಾತಲ್ಲ, ನನಗಂತೂ ತುಂಬಾ ಖುಷಿ.

ಆದರೆ ಒಂದು ವಿಷಯ ಹೇಳಲೇಬೇಕು. ಈ ಟ್ರ್ಯಾಕುಗಳನ್ನು ವಾಪಸ್ ತರೋದಾದರೆ ಪೂರ್ತಿ ತನ್ನಿ. ಎಲ್ಲರಿಗೂ ಗೊತ್ತಿರುವ ಆ ಒಂದು ಮೆಲೊಡಿ ಬರುವ ಜಾಗ ಮಾತ್ರ ಕತ್ತರಿಸಿ, ಎರಡು ನಿಮಿಷ ಹಾಕಿ, ಕೈ ಮೇಲೆತ್ತಿಸಿ, ಮುಂದಿನ ಟ್ರ್ಯಾಕಿಗೆ ಹೋಗುವುದಿದೆಯಲ್ಲ, ಅದರಲ್ಲಿ ಪ್ರೊಗ್ರೆಸಿವ್ ಹೌಸ್ ಇಲ್ಲವೇ ಇಲ್ಲ. ಅದರ ಪ್ರಾಣ ಇರುವುದು ಆ ಮೆಲೊಡಿಗೆ ಹೋಗುವ ದಾರಿಯಲ್ಲಿ. ದಾರಿ ಕಿತ್ತುಹಾಕಿದರೆ ಉಳಿಯುವುದು ಇನ್ನೊಂದು ರೀಲ್ಸ್ ಹಾಡು ಅಷ್ಟೇ.

ನಾನು ಚಿಕ್ಕಬಳ್ಳಾಪುರದವನು. ಹೊಟ್ಟೆಪಾಡಿಗೆ ಮದುವೆ ರಿಸೆಪ್ಷನ್, ಬರ್ತ್‌ಡೇ, ಕಂಪನಿ ಪಾರ್ಟಿಗಳಲ್ಲಿ ಡಿಜೆ ಕೆಲಸ ಮಾಡುತ್ತೇನೆ. ಕನ್ನಡ, ತೆಲುಗು ಎರಡೂ ಹಾಕಬೇಕು, ನಮ್ಮ ಕಡೆ ಎರಡೂ ಇಲ್ಲದೆ ಯಾವ ಮದುವೆಯೂ ಆಗುವುದಿಲ್ಲ. ಆ ಕೆಲಸ ನನಗೆ ಇಷ್ಟ. ಆದರೆ ನನ್ನ ಮನಸ್ಸು ಇರುವುದು ಇಲ್ಲಿ, ಈ ಹಳೇ ರೆಕಾರ್ಡುಗಳಲ್ಲಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. 1990ರ ಸುಮಾರಿಗೆ ಇಂಗ್ಲೆಂಡಿನಲ್ಲಿ, ಒಂದೇ ಸಮ ಬೀಳುವ ಡ್ರಮ್ ಬೀಟಿನ ಹೌಸ್ ಸಂಗೀತ ಎರಡು ಮೂರು ದಿಕ್ಕಿಗೆ ಹೊರಟಿತ್ತು. ಒಂದು ಕಡೆ ಪಿಯಾನೊ ಮತ್ತು ದೊಡ್ಡ ದನಿಯ ಹಾಡುಗಾರಿಕೆ, ಇನ್ನೊಂದು ಕಡೆ ವೇಗ ಜಾಸ್ತಿಯಾಗುತ್ತಲೇ ಹೋದ ರೇವ್ ಪಾರ್ಟಿಗಳ ಸಂಗೀತ. ಇವೆರಡೂ ಬೇಡ ಅಂದ ಕೆಲವರು ಜಮೈಕಾದ ಡಬ್ ಸಂಗೀತದ ಆಳವಾದ ಬೇಸ್ (ತಗ್ಗಿನ ಸದ್ದು) ತಗೊಂಡರು, ಟೆಕ್ನೋದ ಬಿಗಿ ತಗೊಂಡರು, ಟ್ರ್ಯಾಕನ್ನು ಉದ್ದ ಮಾಡಿದರು. ಲೆಫ್ಟ್‌ಫೀಲ್ಡ್ ಅನ್ನುವ ಹೆಸರಿನಲ್ಲಿ 'ನಾಟ್ ಫರ್ಗಾಟನ್' 1990ರಲ್ಲಿ ಬಂತು. ವಿಲಿಯಂ ಆರ್ಬಿಟ್ ನಡೆಸುತ್ತಿದ್ದ ಲೇಬಲ್ (ರೆಕಾರ್ಡ್ ಕಂಪನಿ) ಗೆರಿಲ್ಲಾ ರೆಕಾರ್ಡ್ಸ್‌ನಿಂದ ಒಂದರ ಹಿಂದೆ ಒಂದು ಇಂಥ ರೆಕಾರ್ಡುಗಳು ಬಂದವು. ಇದೇ ಆರ್ಬಿಟ್ ಮುಂದೆ 1998ರಲ್ಲಿ ಮಡೋನಾಳ 'ರೇ ಆಫ್ ಲೈಟ್' ಆಲ್ಬಮ್ಮಿಗೆ ಕೆಲಸ ಮಾಡಿದವರು. ಆ ಆಲ್ಬಮ್ ಮೊದಲ ಸಲ ಕೇಳಿದಾಗಲೇ ಪರಿಚಯದ್ದು ಅನ್ನಿಸಿದ್ದರೆ ಕಾರಣ ಇದೇ.

ಈ ಸಂಗೀತಕ್ಕೆ ಪ್ರೊಗ್ರೆಸಿವ್ ಹೌಸ್ ಅನ್ನುವ ಹೆಸರು ಕೊಟ್ಟವರು ಡಾಮ್ ಫಿಲಿಪ್ಸ್, 1992ರಲ್ಲಿ, ಮಿಕ್ಸ್‌ಮ್ಯಾಗ್ ಪತ್ರಿಕೆಯಲ್ಲಿ. ಅವರ ಬಗ್ಗೆ ಎರಡು ಮಾತು ಜಾಸ್ತಿ ಬರೆಯಬೇಕು ಅನ್ನಿಸುತ್ತದೆ. ಅವರು ಆಮೇಲೆ ಸಂಗೀತ ಪತ್ರಿಕೋದ್ಯಮ ಬಿಟ್ಟು ಬ್ರೆಜಿಲಿಗೆ ಹೋದರು, ಅಲ್ಲೇ ನೆಲೆಸಿ ಅಮೆಜಾನ್ ಕಾಡಿನ ಬಗ್ಗೆ, ಅಲ್ಲಿನ ಮೂಲನಿವಾಸಿಗಳ ಬಗ್ಗೆ ವರದಿ ಮಾಡುತ್ತಿದ್ದರು. 2022ರ ಜೂನ್‌ನಲ್ಲಿ ಜವಾರಿ ಕಣಿವೆಯಲ್ಲಿ ಅವರನ್ನೂ, ಜೊತೆಗಿದ್ದ ಬ್ರೂನೊ ಪೆರೇರಾ ಅವರನ್ನೂ ಕೊಂದರು. ಆ ಸುದ್ದಿ ನಮ್ಮ ಪೇಪರುಗಳಲ್ಲೂ ಬಂದಿತ್ತು. ಕಾಡಿನ ಪತ್ರಕರ್ತ ಅಂತಲೇ ಎಲ್ಲರಿಗೂ ಗೊತ್ತಾಯಿತು. ನಾನು ದಿನಾ ಬಾಯಲ್ಲಿ ಹೇಳುವ ಹೆಸರು ಅವರು ಇಟ್ಟದ್ದು ಅಂತ ಗೊತ್ತಿದ್ದವರು ಆ ದಿನ ನನ್ನ ಸುತ್ತ ಯಾರೂ ಇರಲಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಇನ್ನೊಂದು ವಿಷಯ ನನಗೆ ಯಾವಾಗಲೂ ಧೈರ್ಯ ಕೊಡುತ್ತದೆ. ಇದು ದೊಡ್ಡ ನಗರದಲ್ಲಿ ಮಾತ್ರ ಬೆಳೆದ ಸಂಗೀತ ಅಲ್ಲ. ಡಿಜೆಗಳಾದ ಸಾಶಾ ಮತ್ತು ಜಾನ್ ಡಿಗ್ವೀಡ್ ಜೋಡಿಯಾಗಿ ಹೆಸರು ಮಾಡಿದ ರೆನೆಸಾನ್ಸ್ ಕ್ಲಬ್ ಶುರುವಾದದ್ದು 1992ರಲ್ಲಿ, ಮ್ಯಾನ್ಸ್‌ಫೀಲ್ಡ್‌ನಲ್ಲಿ. ಮ್ಯಾನ್ಸ್‌ಫೀಲ್ಡ್ ಅಂದರೆ ಕಲ್ಲಿದ್ದಲು ಗಣಿಗಳ ಊರು, ಲಂಡನ್ ಅಲ್ಲ. ಸಾಶಾ ವೇಲ್ಸ್‌ನ ಬ್ಯಾಂಗರ್ ಅನ್ನುವ ಸಣ್ಣ ಊರಿನವರು, ಡಿಗ್ವೀಡ್ ಹೇಸ್ಟಿಂಗ್ಸ್ ಅನ್ನುವ ಕಡಲತೀರದ ಊರಿನವರು. ವಾರದ ಕೊನೆಗೆ ಜನ ದೂರದೂರದಿಂದ ಗಾಡಿ ಓಡಿಸಿಕೊಂಡು ಆ ಗಣಿ ಊರಿಗೆ ಬರುತ್ತಿದ್ದರು. ಬೆಂಗಳೂರಿನಿಂದ ಒಂದೂವರೆ ಗಂಟೆ ದೂರದಲ್ಲಿದ್ದುಕೊಂಡು, ಇಲ್ಲಿ ಏನೂ ಆಗಲ್ಲ, ಆಗೋದೆಲ್ಲ ಅಲ್ಲೇ ಅಂತ ಅಂದುಕೊಂಡಿರುವ ನಮ್ಮ ಹುಡುಗರಿಗೆ ನಾನು ಇದನ್ನು ಪದೇ ಪದೇ ಹೇಳುತ್ತೇನೆ.

ಆ ಕ್ಲಬ್ಬಿನ ಹೆಸರಿನಲ್ಲೇ 1994ರಲ್ಲಿ ಮೂರು ಸಿಡಿಗಳ ಮಿಕ್ಸ್ ಬಂತು. 1996ರಲ್ಲಿ ಅದೇ ಇಬ್ಬರ 'ನಾರ್ದರ್ನ್ ಎಕ್ಸ್‌ಪೋಶರ್' ಬಂತು. ಅದೇ ವರ್ಷ ಗ್ಲೋಬಲ್ ಅಂಡರ್‌ಗ್ರೌಂಡ್ ಸರಣಿಯೂ ಶುರುವಾಯಿತು. ಒಂದೊಂದು ಸಿಡಿಗೆ ಒಂದೊಂದು ಊರಿನ ಹೆಸರು: ನಿಕ್ ವಾರನ್‌ಗೆ ಪ್ರಾಗ್, ಡಿಗ್ವೀಡ್‌ಗೆ ಸಿಡ್ನಿ, ಸಾಶಾಗೆ ಸ್ಯಾನ್ ಫ್ರಾನ್ಸಿಸ್ಕೊ, ಡ್ಯಾನಿ ಟೆನಾಗ್ಲಿಯಾಗೆ ಅಥೆನ್ಸ್. ನ್ಯೂಯಾರ್ಕಿನ ಟ್ವೈಲೊ ಕ್ಲಬ್ಬಿನಲ್ಲಿ ಸಾಶಾ, ಡಿಗ್ವೀಡ್ ತಿಂಗಳ ಕೊನೆಯ ಶುಕ್ರವಾರ ಇಡೀ ರಾತ್ರಿ ನುಡಿಸುತ್ತಿದ್ದರು. 2001ರಲ್ಲಿ ಆ ಕ್ಲಬ್ ಮುಚ್ಚಿತು. ಇಡೀ ರಾತ್ರಿ ಅನ್ನುವುದನ್ನು ಗಮನಿಸಿ. ಈಗ ಫೆಸ್ಟಿವಲ್‌ನಲ್ಲಿ ಒಬ್ಬ ಡಿಜೆಗೆ ಸಿಗುವುದು ಒಂದು ಗಂಟೆ, ತುಂಬಾ ಅಂದರೆ ಒಂದೂವರೆ. ಈ ರೆಕಾರ್ಡುಗಳು ಹುಟ್ಟಿದ್ದು ಎಂಟು ಗಂಟೆ ನುಡಿಸುವವರ ಕೈಗೆ ಅಂತ. ಅದಕ್ಕೇ ಅವು ಹಾಗಿವೆ.

ಹೇಗಿವೆ ಅಂತ ಹೇಳುತ್ತೇನೆ. ಇದು ನನಗೆ ತುಂಬಾ ಇಷ್ಟವಾದ ಭಾಗ.

ಒಂದು ಲೆಕ್ಕ ನೋಡಿ. ನಿಮಿಷಕ್ಕೆ 128 ಬೀಟ್ ಇರುವ ಟ್ರ್ಯಾಕ್ ಅಂದುಕೊಳ್ಳಿ. ಒಂದು ಬಾರ್ ಅಂದರೆ 4 ಬೀಟ್. 32 ಬಾರ್ ಅಂದರೆ 128 ಬೀಟ್, ಸರಿಯಾಗಿ ಒಂದು ನಿಮಿಷ. ಹಳೇ ಪ್ರೊಗ್ರೆಸಿವ್ ಟ್ರ್ಯಾಕುಗಳಲ್ಲಿ ಮೊದಲ 64 ಬಾರ್, ಅಂದರೆ ಎರಡು ನಿಮಿಷ, ಬರೀ ಕಿಕ್ (ದಪ್ಪ ಡ್ರಮ್ ಏಟು), ಹೈಹ್ಯಾಟ್ (ತಾಳದಂಥ ತೆಳು ಸದ್ದು), ಒಂದಿಷ್ಟು ಪರ್ಕಷನ್, ಆಮೇಲೆ ಬೇಸಿನ ಒಂದು ಸಣ್ಣ ಸುಳಿವು ಇರುವುದು ಮಾಮೂಲು. ಪ್ರತಿ 8 ಅಥವಾ 16 ಬಾರಿಗೆ ಏನೋ ಒಂದು ಸೇರುತ್ತದೆ, ಅಥವಾ ಏನೋ ಒಂದು ಹೋಗುತ್ತದೆ. ಗಮನ ಇಟ್ಟು ಕೇಳದಿದ್ದರೆ ಬದಲಾದದ್ದು ಗೊತ್ತಾಗುವುದೇ ಇಲ್ಲ, ಆದರೆ ಕಾಲಿಗೆ ಗೊತ್ತಾಗುತ್ತದೆ. ಕೊನೆಯಲ್ಲೂ ಹಾಗೆಯೇ, ಒಂದೊಂದಾಗಿ ಬಿಚ್ಚಿಕೊಳ್ಳುತ್ತಾ ಮತ್ತೆ ಬರೀ ಡ್ರಮ್ಮಿಗೆ ಬಂದು ನಿಲ್ಲುತ್ತದೆ.

ಇದನ್ನು ಮನೆಯಲ್ಲಿ ಒಂದೇ ಟ್ರ್ಯಾಕಾಗಿ ಕೇಳಿದವರು, ಏನಪ್ಪಾ ಇದು ಶುರುವಾಗೋದೇ ಇಲ್ಲ ಅಂತಾರೆ. ಅವರ ಮಾತು ಸರಿ. ಯಾಕಂದರೆ ಆ ಎರಡು ನಿಮಿಷ ಒಂಟಿಯಾಗಿ ಕೇಳಲಿಕ್ಕೆ ಅಂತ ಮಾಡಿದ್ದಲ್ಲ. ಹಿಂದಿನ ಟ್ರ್ಯಾಕಿನ ಕೊನೆಯ ಎರಡು ನಿಮಿಷದ ಮೇಲೆ ಇದರ ಮೊದಲ ಎರಡು ನಿಮಿಷ ಕೂರಬೇಕು. ಹಿಂದಿನದರ ಬೇಸ್ ನಿಧಾನಕ್ಕೆ ಇಳಿಸುತ್ತಾ ಇದರ ಬೇಸ್ ಏರಿಸುವಾಗ, ಮಧ್ಯದಲ್ಲಿ ಒಂದು ಅರ್ಧ ನಿಮಿಷ, ಎರಡೂ ಸೇರಿ ಮೂರನೆಯದೊಂದು ಟ್ರ್ಯಾಕ್ ಹುಟ್ಟುತ್ತದೆ. ಅದು ಯಾವ ರೆಕಾರ್ಡಿನಲ್ಲೂ ಇಲ್ಲ, ಯಾವ ಆ್ಯಪಿನಲ್ಲೂ ಸಿಗುವುದಿಲ್ಲ. ಆ ಡಿಜೆ, ಆ ಹೊತ್ತಿನಲ್ಲಿ, ಆ ಎರಡು ಟ್ರ್ಯಾಕ್ ಸೇರಿಸಿದ್ದಕ್ಕೆ ಮಾತ್ರ ಅದು ಇದೆ. ಮಾಡಿದವರು ಟ್ರ್ಯಾಕಿನಲ್ಲಿ ಬೇಕಂತಲೇ ಜಾಗ ಬಿಟ್ಟಿದ್ದಾರೆ, ನುಡಿಸುವವರಿಗೆ ಅಂತ. ಈಗಿನ ಎಷ್ಟೋ ಟ್ರ್ಯಾಕುಗಳು ಎಷ್ಟು ತುಂಬಿಕೊಂಡಿರುತ್ತವೆ ಅಂದರೆ ಡಿಜೆಗೆ ಕೈ ಹಾಕಲು ಜಾಗವೇ ಇರುವುದಿಲ್ಲ. ಹಳೆಯದು ವಾಪಸ್ ಬರುತ್ತಿರುವುದಕ್ಕೆ ದೊಡ್ಡ ಕಾರಣ ಇದೇ ಅಂತ ನನ್ನ ನಂಬಿಕೆ. ಹಳೇ ನೆನಪಿನ ಮೋಹಕ್ಕಿಂತ ಜಾಸ್ತಿ ಇದು. ಯಾಕಂದರೆ ಈಗ ಇದನ್ನು ಹುಡುಕುತ್ತಿರುವವರಿಗೆ 1999ರ ನೆನಪೇ ಇಲ್ಲ. ನುಡಿಸಲಿಕ್ಕೆ ಕೆಲಸ ಇರುವ ರೆಕಾರ್ಡ್ ಬೇಕು ಅವರಿಗೆ.

ಸಾಶಾನ 'ಎಕ್ಸ್‌ಪ್ಯಾಂಡರ್', 1999ರದ್ದು, 11 ನಿಮಿಷದ ಮೇಲಿದೆ. ಅದರ ಆ ಮುಖ್ಯ ಮೆಲೊಡಿ ಈಗ ಎಲ್ಲರಿಗೂ ಗೊತ್ತು. ಆದರೆ ಅದನ್ನು ಪೂರ್ತಿ ಕೇಳಿದವರು ಎಷ್ಟು ಜನ? ಆ ಮೆಲೊಡಿ ಮೊದಲು ಮುಚ್ಚಿದ ಬಾಗಿಲ ಹಿಂದಿನಿಂದ ಬಂದ ಹಾಗೆ ಮಂಕಾಗಿ ಇರುತ್ತದೆ, ಸದ್ದನ್ನು ಮಂಕು ಮಾಡುವ ಫಿಲ್ಟರ್ ಸ್ವಲ್ಪ ಸ್ವಲ್ಪವೇ ತೆರೆಯುತ್ತದೆ, ಪೂರ್ತಿ ತೆರೆದಾಗ ನಿಮಗೆ ಆಗಲೇ ಅದು ಬಾಯಿಪಾಠ ಆಗಿರುತ್ತದೆ. ನೇರವಾಗಿ ಆ ಜಾಗಕ್ಕೇ ಕ್ಯೂ ಪಾಯಿಂಟ್ (ಟ್ರ್ಯಾಕ್ ಎಲ್ಲಿಂದ ಶುರು ಅನ್ನುವ ಗುರುತು) ಇಟ್ಟು ಹಾರಿದರೆ ಅದು ಇನ್ನೊಂದು ಸಿಂಥ್ ಟ್ಯೂನ್ ಮಾತ್ರ. ಅಂಡರ್‌ವರ್ಲ್ಡ್ ತಂಡದ 'ರೆಝ್', 1993ರದ್ದು, ಅದೂ ಹೀಗೆಯೇ. ಬೆಡ್‌ರಾಕ್ ಹೆಸರಿನಲ್ಲಿ ಡಿಗ್ವೀಡ್ ಮತ್ತು ನಿಕ್ ಮ್ಯೂರ್ ಮಾಡಿದ 'ಹೆವನ್ ಸೆಂಟ್' ಕೂಡ.

ನನಗೆ ಇದೆಲ್ಲ ಸಿಕ್ಕಿದ್ದು ತಡವಾಗಿ, ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದ ಮೇಲೆ. ನಮ್ಮ ಜಿಲ್ಲೆಯ ನನ್ನ ವಯಸ್ಸಿನವರಿಗೆ ನೆನಪಿರಬಹುದು, ರಾತ್ರಿ 2ರಿಂದ ಬೆಳಿಗ್ಗೆ 8ರ ತನಕ ಡೌನ್‌ಲೋಡ್ ಫ್ರೀ ಇರುವ ಪ್ಲಾನ್ ಇತ್ತು. ಬಿಬಿಸಿ ರೇಡಿಯೊ 1ರ ಎಸೆನ್ಶಿಯಲ್ ಮಿಕ್ಸ್, ಅದು 1993ರಿಂದ ನಡೆಯುತ್ತಿರುವ ಎರಡು ಗಂಟೆಯ ಕಾರ್ಯಕ್ರಮ, ಅದರ ರೆಕಾರ್ಡಿಂಗ್ ಒಂದೊಂದೂ 170 ಎಂಬಿ ಹತ್ತಿರ ಇರುತ್ತಿತ್ತು. ರಾತ್ರಿ ಅಲಾರಂ ಇಟ್ಟು ಎದ್ದು ಹಾಕಿ ಮಲಗಿದರೆ ಬೆಳಿಗ್ಗೆಗೆ ಇರುತ್ತಿತ್ತು, ಕರೆಂಟ್ ಹೋಗದಿದ್ದರೆ. ಟ್ರ್ಯಾಕ್‌ಲಿಸ್ಟ್ ಸಿಗುತ್ತಿರಲಿಲ್ಲ. ಮಿಕ್ಸಿನಲ್ಲಿ ಒಂದು ಟ್ರ್ಯಾಕ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಹುಡುಕುವುದೇ ನನ್ನ ಪಾಠ ಆಯಿತು. ಶಿಡ್ಲಘಟ್ಟದ ಬಸ್ಸಿನಲ್ಲಿ, ಚಿಂತಾಮಣಿ ಬಸ್ಸಿನಲ್ಲಿ, ಸಿಕ್ಕ ಸೀಟಿನಲ್ಲಿ ಕೂತು ಅದನ್ನೇ ಕೇಳುತ್ತಿದ್ದೆ.

ಆಮೇಲೆ ಆ ಹೆಸರೇ ಕೈಬಿಟ್ಟು ಹೋಯಿತು. 2008ರಿಂದ ಈಚೆಗೆ ಸ್ವೀಡಿಷ್ ಹೌಸ್ ಮಾಫಿಯಾ ಅನ್ನುವ ತಂಡ, ಅವರ ಹಿಂದೆ ಬಂದವರು, ದೊಡ್ಡ ದೊಡ್ಡ ಸ್ಟೇಡಿಯಂ ಸಂಗೀತ, ಅದಕ್ಕೂ ಪ್ರೊಗ್ರೆಸಿವ್ ಹೌಸ್ ಅಂತಲೇ ಚೀಟಿ ಅಂಟಿಸಿದರು. ಡಿಜೆಗಳು ಟ್ರ್ಯಾಕ್ ಕೊಳ್ಳುವ ಬೀಟ್‌ಪೋರ್ಟ್ ಸೈಟ್ ತೆಗೆದು ಆ ವಿಭಾಗ ಒತ್ತಿದರೆ ಸಿಗುತ್ತಿದ್ದದ್ದು ಬೇರೆಯೇ ಸಂಗೀತ. ಅದು ಕೆಟ್ಟದ್ದು ಅನ್ನುತ್ತಿಲ್ಲ, ಮದುವೆಗಳಲ್ಲಿ ನಾನೂ ಬೇಕಾದಷ್ಟು ಹಾಕಿದ್ದೇನೆ, ಜನಕ್ಕೆ ಖುಷಿ ಕೊಡುವ ಸಂಗೀತ ಅದು. ಆದರೆ ಹಳೆಯದನ್ನು ಹುಡುಕುವವರಿಗೆ ದಾರಿ ತಪ್ಪಿತು. ಇಡೀ ಒಂದು ತಲೆಮಾರು ಪ್ರೊಗ್ರೆಸಿವ್ ಅಂದರೆ ಕೌಂಟ್‌ಡೌನ್, ಡ್ರಾಪ್ (ತಡೆದು ಒಮ್ಮೆಲೇ ಬೀಟ್ ಬೀಳುವುದು), ಕಾಗದದ ಚೂರು ಹಾರುವುದು ಅಂತ ತಿಳಿಯಿತು.

ಅರ್ಜೆಂಟೀನಾದವರು ಮಾತ್ರ ಬಿಡಲಿಲ್ಲ. ಬ್ಯೂನಸ್ ಐರಿಸ್‌ನ ಡಿಜೆ ಎರ್ನಾನ್ ಕಟಾನಿಯೊ ಇಷ್ಟು ವರ್ಷವೂ ಅದೇ ನಿಧಾನದ, ಅದೇ ಉದ್ದದ ಸೆಟ್‌ಗಳನ್ನು ನುಡಿಸಿಕೊಂಡು ಬಂದರು. 2018ರಲ್ಲಿ ಅಲ್ಲಿನ ಹೆಸರುವಾಸಿ ಒಪೆರಾ ಮಂದಿರ ಟಿಯಾಟ್ರೊ ಕೊಲೊನ್‌ನಲ್ಲಿ ಆರ್ಕೆಸ್ಟ್ರಾ ಜೊತೆಗೇ ಕಾರ್ಯಕ್ರಮ ಕೊಟ್ಟರು. ಈ ಸಂಗೀತ ಇವತ್ತು ಉಳಿದಿದ್ದರೆ ಆ ದೇಶದ ಕೇಳುಗರಿಗೆ ದೊಡ್ಡ ಪಾಲು ಸಲ್ಲಬೇಕು.

ಇನ್ನೊಂದು ಬಗೆಯ ಹುಡುಕಾಟವೂ ನಡೆದಿದೆ. ಅದು ನನಗೆ ಇನ್ನೂ ಜಾಸ್ತಿ ಇಷ್ಟ. ಉರುಗ್ವೆಯ ನಿಕೊಲಾಸ್ ಲುಟ್ಜ್ ಅಂಥ ಡಿಜೆಗಳು ತೊಂಬತ್ತರ ದಶಕದ ರೆಕಾರ್ಡುಗಳಲ್ಲಿ ಯಾರೂ ಕೇಳದ ಬಿ ಸೈಡುಗಳನ್ನು (ರೆಕಾರ್ಡಿನ ಹಿಂಬದಿಯ ಟ್ರ್ಯಾಕುಗಳನ್ನು) ಹುಡುಕಿ ತೆಗೆಯುತ್ತಾರೆ. ಬೆಲ್‌ಗ್ರೇಡಿನಲ್ಲಿ ಹುಟ್ಟಿದ ವ್ಲಾದಿಮಿರ್ ಇವ್ಕೊವಿಚ್ ಹಳೇ ಟ್ರಾನ್ಸ್, ಪ್ರೊಗ್ರೆಸಿವ್ ರೆಕಾರ್ಡುಗಳನ್ನು ತುಂಬಾ ನಿಧಾನ ಮಾಡಿ ನುಡಿಸುವುದಕ್ಕೇ ಹೆಸರಾದವರು. ನಿಮಿಷಕ್ಕೆ 45 ಸುತ್ತಿನ ವೇಗದಲ್ಲಿ ತಿರುಗಬೇಕಾದ ರೆಕಾರ್ಡನ್ನು 33ಕ್ಕೆ ಹಾಕಿದರೆ 130 ಬೀಟ್ ಇದ್ದದ್ದು 96ಕ್ಕೆ ಇಳಿಯುತ್ತದೆ. ಒಮ್ಮೆ ನೀವೇ ಕಂಪ್ಯೂಟರಿನಲ್ಲಿ ಮಾಡಿ ನೋಡಿ. ಅದೇ ಟ್ರ್ಯಾಕ್ ಅಂತ ನಂಬಲಿಕ್ಕೇ ಆಗುವುದಿಲ್ಲ. ಬೇಸ್ ಒಂದು ದೊಡ್ಡ ಪ್ರಾಣಿ ನಡೆದ ಹಾಗೆ ಆಗುತ್ತದೆ, ಮೇಲಿನ ಸದ್ದುಗಳೆಲ್ಲ ಬಿಚ್ಚಿಕೊಂಡು ಒಳಗೆ ಏನೇನಿತ್ತು ಅನ್ನುವುದು ಕಾಣುತ್ತದೆ.

ಮರೆತದ್ದನ್ನು ಹುಡುಕುವ ಮಾತು ಬಂದಾಗ ನಮ್ಮ ದೇಶದ್ದೇ ಒಂದು ನೆನಪಾಗುತ್ತದೆ. ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ 303 (ಬೇಸ್), 808 (ಡ್ರಮ್) ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ಬೀಟಿಗೆ ನುಡಿಸಿ ರೆಕಾರ್ಡ್ ತಂದಿದ್ದರು. ಅದೇ 303ರ ಸದ್ದಿನ ಮೇಲೆ ನಿಂತ ಆ್ಯಸಿಡ್ ಹೌಸ್ ಅನ್ನುವುದು ಇನ್ನೂ ಹುಟ್ಟಿರಲಿಲ್ಲ. ಇಲ್ಲಿ ಯಾರೂ ಕೇಳಲಿಲ್ಲ. 2010ರಲ್ಲಿ ಅದು ಮತ್ತೆ ಬಿಡುಗಡೆಯಾಗಿ ಲೋಕವೆಲ್ಲ ಬೆರಗಾಯಿತು. ಮತ್ತೆ ಬಿಡುಗಡೆ ಮಾಡಿದ್ದೂ ಹೊರಗಿನವರೇ. ಹುಡುಕುವ ಕೆಲಸ ನಾವೂ ಮಾಡಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಈಗ ನುಡಿಸುವವರಿಗೆ ಕೆಲವು ಕೆಲಸದ ಮಾತು. ಹಳೇ ಟ್ರ್ಯಾಕ್ ಹೊಸದರ ಪಕ್ಕ ಹಾಕಿದಾಗ ಮೊದಲು ಗೊತ್ತಾಗುವುದು ಸದ್ದು ಕಡಿಮೆ ಅನ್ನುವುದು. ಆಗಿನ ಮಾಸ್ಟರಿಂಗ್ (ಬಿಡುಗಡೆಗೆ ಮೊದಲು ಸದ್ದು ಸರಿಮಾಡುವ ಕೊನೆಯ ಕೆಲಸ) ಈಗಿನಷ್ಟು ಒತ್ತಿರುತ್ತಿರಲಿಲ್ಲ. ಸುಲಭವಾಗಿ 5-6 ಡೆಸಿಬೆಲ್ ವ್ಯತ್ಯಾಸ ಇರುತ್ತದೆ. ಅದಕ್ಕೆ ಸದ್ದು ಒತ್ತುವ ಲಿಮಿಟರ್ ಹಾಕಿ ಜಜ್ಜಬೇಡಿ, ಮಿಕ್ಸರಿನ ಗೇನ್ ಏರಿಸಿ ಸಾಕು. ಹೊಸದನ್ನು ಇಳಿಸಿದರೆ ಇನ್ನೂ ಒಳ್ಳೆಯದು. ಕಿಕ್ ಮತ್ತು ಅದರ ಹಿಂದಿನ ಖಾಲಿ ಜಾಗ ಎರಡೂ ಕೇಳಿಸಬೇಕು.

ಎರಡನೆಯದು ವೇಗ. 1999-2000ರ ಟ್ರ್ಯಾಕುಗಳು 130ರ ಆಸುಪಾಸು ಇರುತ್ತವೆ. ಈಗಿನ ಸೆಟ್‌ಗಳು 120-124ರಲ್ಲಿ ಓಡುತ್ತವೆ. ಹಾಗಾಗಿ ಇಳಿಸಲೇಬೇಕು. ಇಳಿಸುವಾಗ ಕೀ ಲಾಕ್ (ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹಿಡಿಯುವ ಬಟನ್) ಆಫ್ ಮಾಡಿ. ಶೇಕಡ 5.6ರಷ್ಟು ಇಳಿಸಿದರೆ ಸರಿಯಾಗಿ ಒಂದು ಸೆಮಿಟೋನ್ ಕೆಳಗೆ ಹೋಗುತ್ತದೆ. 130 ಇದ್ದದ್ದು 123ರ ಹತ್ತಿರ ಬರುತ್ತದೆ, ಶ್ರುತಿಯೂ ಪೂರ್ತಿ ಒಂದು ಮನೆ ಇಳಿದು ಕೂರುತ್ತದೆ, ಬೇರೆ ಟ್ರ್ಯಾಕಿನ ಶ್ರುತಿಗೆ ಹೊಂದಿಸುವುದು ಸುಲಭ. ಕೀ ಲಾಕ್ ಹಾಕಿದರೆ ಸಾಫ್ಟ್‌ವೇರ್ ಶ್ರುತಿ ಹಿಡಿದಿಡಲು ಹೋಗಿ ಡ್ರಮ್ಮಿನ ತುದಿಗಳನ್ನು ಮಂಕು ಮಾಡುತ್ತದೆ. ರೆಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸಿದ ಫೈಲಾದರೆ ಬೀಟ್ ತಾನೇ ಹೊಂದಿಸುವ ಸಿಂಕ್ ಬಟನ್ ನಂಬಬೇಡಿ. ತಟ್ಟೆ ತಿರುಗುವ ವೇಗ ಕೂದಲೆಳೆಯಷ್ಟು ಆಚೀಚೆ ಆಗಿರುತ್ತದೆ, ಎರಡು ನಿಮಿಷದ ಮಿಕ್ಸಿನಲ್ಲಿ ಸಾಫ್ಟ್‌ವೇರ್ ಹಾಕಿದ ಬೀಟಿನ ಗುರುತುಗಳು (ಗ್ರಿಡ್) ಜಾರುತ್ತವೆ. ಕಿವಿಯಲ್ಲಿ ಕೇಳಿ, ಕೈಯಲ್ಲಿ ಸರಿ ಮಾಡುತ್ತಾ ಇರಿ.

ನಾವು ಇದನ್ನೆಲ್ಲ ಮಾಡುವುದು ನಂದಿ ಬೆಟ್ಟದ ತಪ್ಪಲಲ್ಲಿ, ಗೆಳೆಯನ ದ್ರಾಕ್ಷಿ ತೋಟದ ಪಕ್ಕದ ಶೆಡ್ಡಿನಲ್ಲಿ. ರಾತ್ರಿ 10ಕ್ಕೆ ಲೌಡ್‌ಸ್ಪೀಕರ್ ನಿಲ್ಲಿಸಬೇಕು, ಅದು ಕಾನೂನು, ಸುತ್ತಮುತ್ತ ಮನೆಗಳೂ ಇವೆ. ಹಾಗಾಗಿ ನಾವು ಮಧ್ಯಾಹ್ನ ಮೂರಕ್ಕೇ ಶುರು ಮಾಡುತ್ತೇವೆ. ಏಳು ಗಂಟೆ ಸಿಗುತ್ತದೆ. ನಾನು, ಇನ್ನಿಬ್ಬರು. ಮೊದಲ ಒಂದು ಗಂಟೆ ಬೀಟೇ ಇಲ್ಲದ್ದು ಅಥವಾ ತೀರಾ ನಿಧಾನದ್ದು. ಬಿಸಿಲು ಇಳಿಯುವ ಹೊತ್ತಿಗೆ 118, 120. ಬೆಟ್ಟದ ಹಿಂದೆ ಕತ್ತಲಾಗುವಾಗ ಆ ದೊಡ್ಡ ಟ್ರ್ಯಾಕುಗಳು. ಬೆಂಗಳೂರಿನ ಒಂದು ಪಬ್ಬಿನಲ್ಲಿ ಒಮ್ಮೆ ನನಗೆ ನಲವತ್ತು ನಿಮಿಷ ಕೊಟ್ಟು, ಅದರಲ್ಲೂ ಜನಕ್ಕೆ ಗೊತ್ತಿರೋದು ಹಾಕಿ ಅಂದಿದ್ದರು. ಅಲ್ಲಿ ಆಗದೇ ಇದ್ದದ್ದು ಇಲ್ಲಿ, ಎರಡು ಟಾಪ್ ಸ್ಪೀಕರ್, ಬೇಸಿಗೆ ಎರಡು ಸಬ್, ಒಂದು ಮಿಕ್ಸರ್ ಇಟ್ಟುಕೊಂಡು ಚೆನ್ನಾಗಿಯೇ ಆಗುತ್ತದೆ.

ಸೌಂಡ್ ಸಿಸ್ಟಂ ಬಾಡಿಗೆಗೆ ತರುವ ಹುಡುಗ ಮೊದಲ ಸಲ ಬಂದಾಗ ಸ್ಪೀಕರ್ ಜೋಡಿಸಿ, ಸ್ವಲ್ಪ ಹೊತ್ತು ನಿಂತು ಕೇಳಿ, "ಅಣ್ಣಾ, ಹಾಡು ಯಾವಾಗ ಶುರುವಾಗತ್ತೆ?" ಅಂದ.

"ಶುರುವಾಗಿ ಐದು ನಿಮಿಷ ಆಯ್ತು ಕಣೋ. ಕೂತ್ಕೋ, ಇನ್ನೂ ಐದು ನಿಮಿಷ ಕೇಳು."

ಕೂತ. ಎದ್ದು ಹೋಗಲಿಲ್ಲ. ಈಗ ಅವನೇ ಸಬ್ ಎಲ್ಲಿಡಬೇಕು, ಗೋಡೆಯಿಂದ ಎಷ್ಟು ದೂರ ಇಟ್ಟರೆ ಆ ಬೇಸ್ ಗುಂಯ್ ಅನ್ನದೆ ಬಿಡಿಬಿಡಿಯಾಗಿ ಬರುತ್ತದೆ ಅಂತ ನನಗೆ ಹೇಳಿಕೊಡುತ್ತಾನೆ. ಗಣೇಶನ ಮೆರವಣಿಗೆಗೆ ಲಾರಿ ತುಂಬಾ ಸ್ಪೀಕರ್ ಕಟ್ಟುವ ಹುಡುಗ ಅವನು. ಅವನ ಕಿವಿ ನನ್ನ ಕಿವಿಗಿಂತ ಚುರುಕು.

ತೋಟದ ಗೆಳೆಯನ ತಂದೆ ಒಂದು ಸಂಜೆ ಬಂದು ಕಟ್ಟೆ ಮೇಲೆ ಕೂತು ತುಂಬಾ ಹೊತ್ತು ಕೇಳಿದರು. ಆಮೇಲೆ ಅಂದರು, "ತಮಟೆಯೋರು ಬಾರಿಸೋ ಹಂಗೇ ಐತಲ್ಲಪ್ಪಾ. ಒಂದೇ ಸಮ ಹೋಗ್ತದೆ, ಆದ್ರೆ ಒಂದೇ ಅಲ್ಲ." ನಾನು ಇಷ್ಟುದ್ದ ಬರೆದು ಹೇಳುತ್ತಿರುವುದನ್ನು ಅವರು ಎರಡು ಮಾತಿನಲ್ಲಿ ಹೇಳಿದ್ದರು.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೇ. ತಮಟೆ ತಂಡದವರು ಮೊದಲು ಬೆಂಕಿ ಹಾಕಿ ಚರ್ಮ ಕಾಯಿಸುತ್ತಾರೆ, ಶ್ರುತಿ ಏರುವ ತನಕ ಅವಸರ ಮಾಡುವುದಿಲ್ಲ. ಆಮೇಲೆ ಒಂದು ಗತ್ತು ಹಿಡಿದರೆ ಜನದ ಕಾಲು ಅದಕ್ಕೆ ಕೂರುವ ತನಕ ಬಿಡುವುದಿಲ್ಲ. ಮುಂದಿರುವವರು ಬದಲಾಯಿಸುತ್ತಾರೆ, ಉಳಿದವರು ಹಿಡಿದಿರುತ್ತಾರೆ. ಇದನ್ನು ಕೇಳಿ ಬೆಳೆದ ಜನಕ್ಕೆ, ರಾತ್ರಿಯಿಡೀ ಕೇಳಿಕೆ (ನಮ್ಮ ಕಡೆಯ ಬಯಲಾಟ) ನೋಡಿದ ಜನಕ್ಕೆ, ಉದ್ದದ ಸಂಗೀತ ಅರ್ಥವಾಗಲ್ಲ, ಅವರಿಗೆ ಮೂವತ್ತು ಸೆಕೆಂಡಿಗೆ ಒಂದು ಡ್ರಾಪ್ ಬೇಕು ಅಂತ ಹೇಳುವವರ ಮಾತು ನಾನು ಒಪ್ಪುವುದಿಲ್ಲ. ಕೊಟ್ಟು ನೋಡಿದ್ದೇನೆ, ಜನ ಕೂತು ಕೇಳಿದ್ದಾರೆ, ಎದ್ದು ಕುಣಿದಿದ್ದಾರೆ.

ಹಾಗಂತ ಹಳೆಯದೆಲ್ಲ ಚಿನ್ನ ಅಲ್ಲ. 2001ರ ಸುಮಾರಿಗೆ ಬಂದ ಎಷ್ಟೋ ರೆಕಾರ್ಡುಗಳು ಬರೀ ಕತ್ತಲು, ಬರೀ ಡ್ರಮ್, ಹತ್ತು ನಿಮಿಷ ನಡೆದು ಎಲ್ಲಿಗೂ ತಲುಪುವುದಿಲ್ಲ. ಉದ್ದ ಇದ್ದ ಮಾತ್ರಕ್ಕೆ ಪೂರ್ತಿ ಹಾಕಬೇಕಿಲ್ಲ, ಒಳಗೆ ಏನಾದರೂ ನಡೆಯುತ್ತಿರಬೇಕು. ಹಳೇ ಟ್ರ್ಯಾಕಿನ ಮೆಲೊಡಿ ಎತ್ತಿ ಹೊಸ ದಪ್ಪ ಕಿಕ್ಕಿನ ಮೇಲೆ ಕೂರಿಸಿ ಎಡಿಟ್ ಅಂತ ಬಿಡುವುದು ಕೂಡ ಈಗ ಜಾಸ್ತಿಯಾಗಿದೆ. ನನಗೆ ಅದು ಬೇಡ. ಮೂಲದ ಕಿಕ್ ತೆಳ್ಳಗಿದ್ದರೆ ತೆಳ್ಳಗೇ ಇರಲಿ, ಆ ಬೇಸ್‌ಲೈನಿಗೆ ಜಾಗ ಬಿಡಲು ಅದು ಹಾಗಿದೆ. ಇನ್ನೊಂದು, ಎಲ್ಲರೂ ಅದೇ ಐದಾರು ಟ್ರ್ಯಾಕ್ ಹಾಕಿದರೆ ಇದು ಹುಡುಕಾಟ ಆಗುವುದಿಲ್ಲ. ಗೆರಿಲ್ಲಾದ ಪಟ್ಟಿ ತೆಗೆದು ಮೊದಲಿನಿಂದ ಕೇಳಿ. ಹೂಜ್ ಚೂನ್ಸ್ ಲೇಬಲ್ಲಿನದು ಕೇಳಿ. ಸ್ಪೂಕಿ ಜೋಡಿಯ 1993ರ ಆಲ್ಬಂ 'ಗಾರ್ಗ್ಯಾಂಟುವನ್' ಕೇಳಿ. ವೇ ಔಟ್ ವೆಸ್ಟ್ ಜೋಡಿಯದ್ದು ಕೇಳಿ. ರೆಕಾರ್ಡುಗಳ ವಿವರ ಇರುವ ಡಿಸ್ಕಾಗ್ಸ್ ಸೈಟಿನಲ್ಲಿ ಒಂದು ರೆಕಾರ್ಡಿನ ಪುಟಕ್ಕೆ ಹೋಗಿ, ಅದನ್ನು ಮಾಡಿದವರು ಬೇರೆ ಯಾವ ಹೆಸರಿನಲ್ಲಿ ಏನು ಮಾಡಿದ್ದಾರೆ ನೋಡಿ. ಆಗಿನವರು ಒಬ್ಬೊಬ್ಬರೂ ನಾಲ್ಕೈದು ಹೆಸರು ಇಟ್ಟುಕೊಂಡಿದ್ದರು. ಜಾನ್ ಗ್ರಹಾಂ ಅನ್ನುವವರೇ ಕ್ವಿವ್ವರ್, ಅವರೇ ಸ್ಪೇಸ್ ಮನೂವರ್ಸ್. ಒಂದು ಎಳೆ ಸಿಕ್ಕರೆ ಒಂದು ವಾರದ ಕೇಳುವಿಕೆ ಸಿಕ್ಕಿತು ಅಂತಲೇ ಲೆಕ್ಕ.

ಹೊಸದಾಗಿ ಶುರು ಮಾಡುವವರು ಬಿಡಿ ಟ್ರ್ಯಾಕುಗಳಿಂದ ಶುರು ಮಾಡಬೇಡಿ. 'ನಾರ್ದರ್ನ್ ಎಕ್ಸ್‌ಪೋಶರ್' ಮೊದಲ ಸಿಡಿ ಹಾಕಿ, ಮುಂದೆ ಹಾರಿಸದೆ ಕೊನೆ ತನಕ ಕೇಳಿ. ಆಮೇಲೆ ಅಥೆನ್ಸ್, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು, ಕೋಲಾರ ಕಡೆಯ ಯಾರ ಮನೆಯಲ್ಲಾದರೂ ಆ ಕಾಲದ ಸಿಡಿ, ಬರ್ನ್ ಮಾಡಿದ ಡಿಸ್ಕ್, ರೇಡಿಯೊದಿಂದ ಹಿಡಿದಿಟ್ಟ ಮಿಕ್ಸ್ ಇದ್ದರೆ ಈ ವಾರವೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಎಂಪಿ3 ಬೇಡ, ವೇವ್ ಫೈಲ್ ಮಾಡಿ. ಬರ್ನ್ ಮಾಡಿದ ಡಿಸ್ಕುಗಳು ಬೀರುವಿನೊಳಗೇ ಹಾಳಾಗುತ್ತವೆ. ಆಗ ಹೊರಟ ಎಷ್ಟೋ ಲೇಬಲ್‌ಗಳು ಈಗ ಇಲ್ಲ, ಎಷ್ಟೋ ಟ್ರ್ಯಾಕುಗಳು ಯಾವ ಆ್ಯಪಿನಲ್ಲೂ ಇಲ್ಲ. ಇಳಿಸಿದ ಮೇಲೆ ಒಂದು ಕಾಪಿ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಶೆಡ್ಡಿಗೆ ಬನ್ನಿ, ಮಧ್ಯಾಹ್ನ ಮೂರಕ್ಕೆ ಮೊದಲು ಬಂದರೆ ನಿಮ್ಮದರಿಂದಲೇ ಶುರು ಮಾಡೋಣ.